ಭಟ್ ಎಂದು ಹುಡುಕಿದರೆ ಭಟ್ಕಳ ಯಾಕೆ ಬರುತ್ತದೆ?

ಪ್ರಶ್ನೆ: ನಾನು ಶಿರಸಿಯವಳು. ಅಡಿಕೆ ವಹಿವಾಟು ಮಾಡುವ ಒಂದು ಸಂಘಕ್ಕೆ ತಂತ್ರಾಂಶ ಬರೆದುಕೊಡುತ್ತಿದ್ದೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಇದೆ, ಕಚೇರಿಯಲ್ಲಿ ಮೈಎಸ್‌ಕ್ಯುಎಲ್ ಇದೆ. ಮುಂದಿನ ವರ್ಷ ಪೋಸ್ಟ್‌ಗ್ರೆಸ್‌ಗೆ ಹೋಗುವ ಮಾತಿದೆ. ಸದಸ್ಯರ ಹೆಸರು, ಊರು, ಲಾಟ್ ನಂಬರ್ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹುಡುಕುವ ಹಾಗೆ ಮಾಡಿದ್ದೇನೆ. ಡಿ'ಸೋಜಾ ಎಂದು ಹಾಕಿದರೆ ಎರರ್ ಬರುತ್ತದೆ. ಭಟ್ ಎಂದರೆ ಭಟ್ಕಳದವರೆಲ್ಲ ಬರುತ್ತಾರೆ. ಅಂಕೋಲಾ ಎಂದರೆ ಅರ್ಧ ಜನ ಸಿಗುವುದೇ ಇಲ್ಲ. ಷರಾದಲ್ಲಿ 5% ಎಂದು ಬರೆದದ್ದನ್ನು ಹುಡುಕಲು % ಹಿಂದೆ \ ಹಾಕಿದೆ. ಕಚೇರಿಯಲ್ಲಿ ಸಿಕ್ಕಿತು, ಮನೆಯಲ್ಲಿ ಸಿಗಲಿಲ್ಲ. ಎಲ್ಲ ಕಡೆ ಒಂದೇ ರೀತಿ ನಡೆಯುವ ಹಾಗೆ ಬರೆಯುವುದು ಹೇಗೆ?

ಉತ್ತರ: ನಿಮ್ಮ ನಾಲ್ಕೂ ತೊಂದರೆ ನೋಡಲು ಒಂದೇ ಥರ ಇವೆ, ಆದರೆ ಬೇರು ಬೇರೆ ಬೇರೆ. ಡಿ'ಸೋಜಾ ವಿಷಯದಲ್ಲಿ ಹೆಸರು ಹೋಗಿ ಕ್ವೆರಿಯೊಳಗೆ, ಅಂದರೆ ಡೇಟಾಬೇಸಿಗೆ ಕಳಿಸುವ ಕೋರಿಕೆಯೊಳಗೆ, ಆಜ್ಞೆಯಾಗಿ ಕೂತಿದೆ. 5% ವಿಷಯದಲ್ಲಿ ಪಠ್ಯ ಹೋಗಿ ಮಾದರಿಯಾಗಿದೆ. ಅಂಕೋಲಾ ವಿಷಯದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವುದು ಕಂಪ್ಯೂಟರಿಗೆ ಎರಡಾಗಿದೆ. ಭಟ್ಕಳದ್ದು ಕನ್ನಡ ಲಿಪಿಯನ್ನು ಯೂನಿಕೋಡ್‌ನಲ್ಲಿ (ಪ್ರತಿ ಚಿಹ್ನೆಗೂ ಒಂದು ಸಂಖ್ಯೆ, ಅಂದರೆ ಕೋಡ್, ಕೊಡುವ ಪದ್ಧತಿಯಲ್ಲಿ) ಇಟ್ಟಿರುವ ಕ್ರಮದಿಂದ ಬಂದದ್ದು. ಇವುಗಳನ್ನು ಬೇರೆ ಬೇರೆ ಇಟ್ಟು ನೋಡಿದರೆ ಯಾವುದೂ ಕಷ್ಟದ್ದಲ್ಲ. ಕ್ವೆರಿಯ ಪದಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಮೊದಲು ಡಿ'ಸೋಜಾ. ನೀವು ಕ್ವೆರಿಯ ಸಾಲಿಗೆ ಹೆಸರನ್ನು + ಹಾಕಿ ಅಂಟಿಸುತ್ತಿದ್ದೀರಿ ಅಂತ ಕಾಣುತ್ತದೆ. ಹಾಗೆ ಅಂಟಿಸಿದಾಗ ಡಿ ಆದ ಮೇಲೆ ಬರುವ ಸಿಂಗಲ್ ಕೋಟ್ ಅಲ್ಲಿಗೇ ಪಠ್ಯವನ್ನು ಮುಗಿಸಿಬಿಡುತ್ತದೆ. ಉಳಿದ 'ಸೋಜಾ' ಕ್ವೆರಿಯ ಭಾಗವಾಗುತ್ತದೆ, ಡೇಟಾಬೇಸಿಗೆ ಅದು ಅರ್ಥವಾಗುವುದಿಲ್ಲ. ಕಾರವಾರದಿಂದ ಹೊನ್ನಾವರದವರೆಗೆ ಡಿ'ಸೋಜಾ, ಡಿ'ಕೋಸ್ತಾ ಹೆಸರಿನವರು ಎಷ್ಟು ಜನ ಇದ್ದಾರೆ ಅಲ್ವಾ? ಅವರು ಯಾರೂ ನಿಮ್ಮ ತಂತ್ರಾಂಶ ಕೆಡಿಸಲು ಬಂದವರಲ್ಲ. ಆದರೆ ಕೆಡಿಸಲು ಬರುವವರು ಹಾದುಹೋಗುವ ಬಾಗಿಲು ಇದೇ. ಪೆಟ್ಟಿಗೆಯಲ್ಲಿ ಒಂದು ಕೋಟ್ ಹಾಕಿ, ಅದರ ಮುಂದೆ ಆರ್ (ಅಥವಾ) 1=1 ಅಂತ ಸೇರಿಸಿ, ಉಳಿದ ಕ್ವೆರಿಯನ್ನು ಎರಡು ಅಡ್ಡಗೆರೆಯಿಂದ ಕಮೆಂಟ್ ಮಾಡಿದರೆ ಸಂಘದ ಎಲ್ಲ ಸದಸ್ಯರ ಪಟ್ಟಿ ಹೊರಗೆ ಬರುತ್ತದೆ. ಎಸ್‌ಕ್ಯುಎಲ್ ಇಂಜೆಕ್ಷನ್ ಅನ್ನುವುದು ಇದಕ್ಕೇ. 1998ರಿಂದ ಈ ದಾಳಿಯ ಬಗ್ಗೆ ಬಹಿರಂಗವಾಗಿ ಬರೆಯುತ್ತಲೇ ಇದ್ದಾರೆ, ಇನ್ನೂ ನಿಂತಿಲ್ಲ.

ಕೋಟ್ ಕಂಡಲ್ಲಿ ಎರಡು ಕೋಟ್ ಮಾಡಿದರೆ ಆಯಿತು ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಮೈಎಸ್‌ಕ್ಯುಎಲ್‌ನಲ್ಲಿ ಪಠ್ಯದೊಳಗಿನ \ ಕೂಡ ವಿಶೇಷ ಚಿಹ್ನೆ. ಎಸ್‌ಕ್ಯುಲೈಟ್‌ನಲ್ಲಿ ಅದಕ್ಕೆ ಏನೂ ಅರ್ಥವಿಲ್ಲ. ಒಂದು ಕಡೆ ಸಾಕಾದ ಎಚ್ಚರಿಕೆ ಇನ್ನೊಂದು ಕಡೆ ಸಾಲದು. ಕ್ವೆರಿಯಲ್ಲಿ 'ಹೆಸರು ಲೈಕ್ ?' ಎಂದು ಜಾಗ ಬಿಡಿ (ಲೈಕ್ ಅಂದರೆ ಮಾದರಿಗೆ ಹೊಂದುವುದನ್ನು ಹುಡುಕು ಎಂಬ ಪದ), ಹೆಸರನ್ನು ಪ್ಯಾರಾಮೀಟರ್ ಆಗಿ ಬೇರೆಯೇ ಕಳಿಸಿ. ಆಗ ಕ್ವೆರಿಯ ಆಕಾರ ಹೆಸರಿನಿಂದ ಬದಲಾಗುವುದಿಲ್ಲ, ಆಮೇಲೆ ಬರುವ ಕೋಟು ಬರೀ ಕೋಟಾಗಿ ಉಳಿಯುತ್ತದೆ. ಆ ಜಾಗದ ಗುರುತು ಮಾತ್ರ ಡ್ರೈವರಿನಿಂದ (ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ತುಂಡು) ಡ್ರೈವರಿಗೆ ಬೇರೆ. ಕೆಲವು ? ಕೇಳುತ್ತವೆ. ಪೋಸ್ಟ್‌ಗ್ರೆಸ್ ತಾನೇ ಕೇಳುವುದು $1. ಪೈಥಾನಿನಲ್ಲಿ ಸೈಕೋಪಿಜಿ ಎಂಬ ಪೋಸ್ಟ್‌ಗ್ರೆಸ್ ಡ್ರೈವರ್ ಬಳಸಿದರೆ % ಜೊತೆ ಎಸ್ ಬರೆಯಬೇಕು. ಇದನ್ನು ಒಂದೇ ಫಂಕ್ಷನ್ನಿನಲ್ಲಿ ಇಟ್ಟುಕೊಂಡರೆ ಮುಂದಿನ ವರ್ಷ ಬದಲಿಸುವುದು ಸುಲಭ.

ಪ್ಯಾರಾಮೀಟರ್‌ನಿಂದ ಆಗದ ಕೆಲಸವೂ ಒಂದಿದೆ. ಕಾಲಂ ಹೆಸರನ್ನು, ಟೇಬಲ್ ಹೆಸರನ್ನು ಹಾಗೆ ಕಳಿಸಲು ಬರುವುದಿಲ್ಲ. 'ಊರಿನ ಪ್ರಕಾರ ಜೋಡಿಸು, ಹೆಸರಿನ ಪ್ರಕಾರ ಜೋಡಿಸು' ಎಂಬ ಆಯ್ಕೆ ಕೊಟ್ಟಿದ್ದರೆ, ಒಪ್ಪುವ ಕಾಲಂಗಳ ಪಟ್ಟಿಯನ್ನು ನೀವೇ ಪ್ರೋಗ್ರಾಮಿನಲ್ಲಿ ಬರೆದಿಡಿ. ಪಟ್ಟಿಯಲ್ಲಿ ಇಲ್ಲದ್ದು ಬಂದರೆ ಅಲ್ಲೇ ನಿಲ್ಲಿಸಿ.

ಇನ್ನು 5%. ಪ್ಯಾರಾಮೀಟರ್ ಹಾಕಿದ ತಕ್ಷಣ ಎಲ್ಲ ಸುರಕ್ಷಿತ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಆದರೆ ಲೈಕ್‌ಗೆ ಹೋದ ಪಠ್ಯವನ್ನು ಡೇಟಾಬೇಸ್ ಇನ್ನೊಮ್ಮೆ ಓದುತ್ತದೆ. ಈ ಸಲ ಅದನ್ನು ಮಾದರಿ ಎಂದು ಓದುತ್ತದೆ. ಅಲ್ಲಿ % ಅಂದರೆ ಎಷ್ಟಾದರೂ ಅಕ್ಷರ, _ ಅಂದರೆ ಯಾವುದಾದರೂ ಒಂದು ಅಕ್ಷರ. ಪ್ಯಾರಾಮೀಟರ್ ಆಗಿ ಕಳಿಸಿದ್ದರೂ ಇವು ಕೆಲಸ ಮಾಡುತ್ತವೆ.

% ಹೇಗೋ ಕಣ್ಣಿಗೆ ಬೀಳುತ್ತದೆ. ಅಂಡರ್‌ಸ್ಕೋರ್ ಮಾತ್ರ ಸದ್ದಿಲ್ಲದೆ ಹಾನಿ ಮಾಡುತ್ತದೆ. ಕೆಲವು ವರ್ಷ ಹಿಂದೆ ಕಾರವಾರದಲ್ಲಿ ದೋಣಿಗಳ ಲೆಕ್ಕ ಇಡುವ ಒಂದು ತಂತ್ರಾಂಶ ನಾನು ಮಾಡಿದ್ದೆ. ದೋಣಿಗೆ ನಾವೇ ಕೊಟ್ಟ ಗುರುತಿನಲ್ಲಿ ಅಂಡರ್‌ಸ್ಕೋರ್ ಇತ್ತು. ಹುಡುಕಿ ಸಿಕ್ಕ ದೋಣಿಗಳಿಗೆಲ್ಲ ಒಟ್ಟಿಗೆ 'ಶುಲ್ಕ ಸಂದಾಯ' ಎಂದು ಗುರುತು ಹಾಕುವ ಬಟನ್ ಕೂಡ ಇತ್ತು. ಹುಡುಕಿದ್ದು ಒಂದು ಗುಂಪು, ಗುರುತು ಬಿದ್ದದ್ದು ಇನ್ನೂ ಕೆಲವು ದೋಣಿಗಳಿಗೆ. ಅವುಗಳ ಗುರುತಿನಲ್ಲಿ ಅದೇ ಜಾಗದಲ್ಲಿ ಅಂಡರ್‌ಸ್ಕೋರ್ ಬದಲು ಅಡ್ಡಗೆರೆ ಇತ್ತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಮೀನುಗಾರರೊಬ್ಬರು ರಸೀದಿ ಕೇಳಲು ಬಂದ ದಿನವೇ ಗೊತ್ತಾದದ್ದು. ತಪ್ಪು ನನ್ನದು. ಹಣದ ಲೆಕ್ಕ ಸರಿ ಮಾಡಲು ಮೂರು ದಿನ ಕೂತು ರಸೀದಿ ಪುಸ್ತಕ ನೋಡಬೇಕಾಯಿತು. ಅಂದಿನಿಂದ ಬದಲಾಯಿಸುವ, ಅಳಿಸುವ ಆಜ್ಞೆಯ ಜೊತೆ ನಾನು ಲೈಕ್ ಬಳಸುವುದಿಲ್ಲ. ಹುಡುಕಿ ತೋರಿಸಲು ಮಾತ್ರ ಲೈಕ್, ಬದಲಾಯಿಸಲು ಸಾಲಿನ ಐಡಿ. ನಿಮ್ಮ ಲಾಟ್ ನಂಬರಿನಲ್ಲೂ ಅಂಡರ್‌ಸ್ಕೋರ್ ಇದ್ದರೆ ಇವತ್ತೇ ನೋಡಿಕೊಳ್ಳಿ.

ಪರಿಹಾರ ಎಸ್ಕೇಪ್, ಅಂದರೆ 'ನನ್ನ ನಂತರದ್ದು ಬರೀ ಅಕ್ಷರ, ಮಾದರಿಯಲ್ಲ' ಎಂದು ಹೇಳುವ ಚಿಹ್ನೆ. ನೀವು \ ಹಾಕಿದ್ದು ಸರಿಯಾದ ಯೋಚನೆಯೇ, ಆದರೆ ಅದು ಮನೆಗೊಂದು ಕಚೇರಿಗೊಂದು ಆಯಿತು. ಮೈಎಸ್‌ಕ್ಯುಎಲ್ ಮತ್ತು ಪೋಸ್ಟ್‌ಗ್ರೆಸ್ ಎರಡೂ ಹೇಳದೇ ಇದ್ದರೆ \ ಅನ್ನೇ ಎಸ್ಕೇಪ್ ಎಂದು ತಿಳಿಯುತ್ತವೆ. ಎಸ್‌ಕ್ಯುಲೈಟ್, ಒರಾಕಲ್, ಎಸ್‌ಕ್ಯುಎಲ್ ಸರ್ವರ್ ಹೇಳದೇ ಇದ್ದರೆ ಯಾವುದನ್ನೂ ಎಸ್ಕೇಪ್ ಎಂದು ತಿಳಿಯುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ 5 ಆದ ಮೇಲೆ ನಿಜವಾದ \ ಇರುವ ಸಾಲನ್ನೇ ಹುಡುಕಿತು, ಅಂಥದ್ದು ಇರಲಿಲ್ಲ.

ಹಾಗಾದರೆ ಎಸ್ಕೇಪ್ '\' ಎಂದು ಬಾಯಿಬಿಟ್ಟು ಹೇಳಿಬಿಡೋಣ ಅಂದರೆ ಅಲ್ಲೂ ಗಂಟು. ಮೈಎಸ್‌ಕ್ಯುಎಲ್‌ನ ಸಾಮಾನ್ಯ ಸೆಟ್ಟಿಂಗಿನಲ್ಲಿ '\' ಎಂಬುದು ಮುಗಿಯದ ಪಠ್ಯ, ಯಾಕೆಂದರೆ \ ತನ್ನ ನಂತರದ ಕೋಟನ್ನೂ ನುಂಗುತ್ತದೆ. ಅಲ್ಲಿ '\\' ಬರೆಯಬೇಕು. ಅದೇ '\\' ಅನ್ನು ಎಸ್‌ಕ್ಯುಲೈಟಿಗೆ ಕೊಟ್ಟರೆ ಎಸ್ಕೇಪ್ ಒಂದೇ ಅಕ್ಷರ ಇರಬೇಕು ಅಂತ ಜಗಳ ತೆಗೆಯುತ್ತದೆ. ಆದ್ದರಿಂದ \ ಸಹವಾಸವೇ ಬೇಡ. ಎಲ್ಲೂ ವಿಶೇಷ ಅರ್ಥ ಇಲ್ಲದ ಒಂದು ಚಿಹ್ನೆ ಆರಿಸಿ. ನಾನು ! ಬಳಸುತ್ತೇನೆ. ಕ್ವೆರಿ ಹೀಗಿರುತ್ತದೆ: 'ಷರಾ ಲೈಕ್ ? ಎಸ್ಕೇಪ್ '!''. ಪ್ರೋಗ್ರಾಮಿನಲ್ಲಿ, ಹುಡುಕುವ ಪಠ್ಯದ ! ಎಲ್ಲವನ್ನೂ ಮೊದಲು !! ಮಾಡಿ. ಆಮೇಲೆ % ಅನ್ನು !% ಮಾಡಿ, _ ಅನ್ನು !_ ಮಾಡಿ. ಈ ಕ್ರಮ ಮುಖ್ಯ. ! ಅನ್ನು ಕೊನೆಗೆ ಮಾಡಿದರೆ ನೀವೇ ಹಾಕಿದ ! ಗಳೂ ಎರಡೆರಡಾಗುತ್ತವೆ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಚೌಕ ಕಂಸ [ ಕೂಡ ವೈಲ್ಡ್‌ಕಾರ್ಡ್ (% ಮತ್ತು _ ಹಾಗೆ ಮಾದರಿಯ ಚಿಹ್ನೆ), ಅದಕ್ಕೂ ! ಹಾಕಬೇಕು. ಅದನ್ನು ನೋಡಿ ಎಲ್ಲ ಕಡೆಗೂ ಹಾಕಿಬಿಟ್ಟರೆ ಒರಾಕಲ್ ಎರರ್ ಕೊಡುತ್ತದೆ. ಎಸ್ಕೇಪ್ ಆದ ಮೇಲೆ %, _ ಅಥವಾ ಅದೇ ಎಸ್ಕೇಪ್ ಚಿಹ್ನೆ ಬಿಟ್ಟು ಬೇರೆ ಏನನ್ನೂ ಅದು ಒಪ್ಪುವುದಿಲ್ಲ. ನಿಮ್ಮ ಮೂರು ಡೇಟಾಬೇಸಿಗೆ ಇದು ಬೇಕಾಗದು, ಆದರೂ ತಿಳಿದಿರಲಿ.

ಎರಡೂ ಕಡೆಯ % ಎಲ್ಲಿ ಸೇರಿಸಬೇಕು? ಪ್ರೋಗ್ರಾಮಿನಲ್ಲೇ, ಎಸ್ಕೇಪ್ ಮುಗಿದ ಮೇಲೆ. ಕ್ವೆರಿಯೊಳಗೆ '%' || ? || '%' ಎಂದು ಬರೆದದ್ದನ್ನು ನೋಡಿರುತ್ತೀರಿ. ಎಸ್‌ಕ್ಯುಲೈಟ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ಅದು ಪಠ್ಯ ಜೋಡಿಸುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಸೆಟ್ಟಿಂಗ್ ಬದಲಿಸದೇ ಇದ್ದರೆ || ಅಂದರೆ 'ಅಥವಾ'. ಆಗ ಆ ಷರತ್ತು 'ಹೆಸರು ಏನಾದರೂ ಇರಲಿ, ಅಥವಾ...' ಎಂದು ಓದಿಸಿಕೊಂಡು ಹೆಸರಿರುವ ಪ್ರತಿ ಸಾಲನ್ನೂ ಕೊಡುತ್ತದೆ. ಮನೆಯಲ್ಲಿ ಒಬ್ಬರು ಸಿಕ್ಕಿದ ಕಡೆ ಕಚೇರಿಯಲ್ಲಿ ಇಡೀ ಸಂಘ ಸಿಗುತ್ತದೆ. ಪೈಥಾನಿನ ಆ ಪೋಸ್ಟ್‌ಗ್ರೆಸ್ ಡ್ರೈವರಿನಲ್ಲಂತೂ ಕ್ವೆರಿಯೊಳಗೆ ಇರುವ ಬಿಡಿ % ಅನ್ನು ಜೋಡಿ ಮಾಡಿಯೇ ಬರೆಯಬೇಕು. ಮೌಲ್ಯದೊಳಗೆ ಸೇರಿಸಿದರೆ ಈ ರಗಳೆ ಯಾವುದೂ ಇಲ್ಲ.

ಖಾಲಿ ಪೆಟ್ಟಿಗೆಯನ್ನೂ ನೋಡಿಕೊಳ್ಳಿ. ಏನೂ ಟೈಪ್ ಮಾಡದೆ ಹುಡುಕು ಒತ್ತಿದರೆ ಮಾದರಿ %% ಆಗುತ್ತದೆ, ಎಲ್ಲರೂ ಬರುತ್ತಾರೆ. ಆದರೆ ಆ ಕಾಲಮ್ಮಿನಲ್ಲಿ ನಲ್ (ಏನೂ ತುಂಬಿಲ್ಲ ಎಂಬ ಗುರುತು) ಇರುವ ಸಾಲು ಮಾತ್ರ ಬರುವುದಿಲ್ಲ. ಕನಿಷ್ಠ ಎರಡು ಅಕ್ಷರ ಬೇಕು ಎಂದು ಹೇಳಿ, ಫಲಿತಾಂಶಕ್ಕೆ 50 ಸಾಲಿನ ಮಿತಿ ಹಾಕಿ. ಲಿಮಿಟ್ ನಿಮ್ಮ ಮೂರರಲ್ಲೂ ನಡೆಯುತ್ತದೆ.

ಈಗ ಅಂಕೋಲಾ. ಇದರ ಬಗ್ಗೆ ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದು ಕಡಿಮೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಟೇಬಲ್ ತೆರೆದು ಅಂಕೋಲಾ ಎಂದು ಇರುವ ಸಾಲುಗಳ ಉದ್ದ ಅಳೆಯಿರಿ, ಒಂದೊಂದು ಅಕ್ಷರದ ಕೋಡ್ ನೋಡಿ. ನನ್ನ ಅನುಭವದಲ್ಲಿ ಮೊದಲ ಕಳ್ಳ ಸೊನ್ನೆ. ಕನ್ನಡದಲ್ಲಿ ಅನುಸ್ವಾರದ ಸೊನ್ನೆ 'ಂ' ಬೇರೆ, ಅಂಕಿಯ ಸೊನ್ನೆ '೦' ಬೇರೆ. ಪರದೆಯ ಮೇಲೆ ಹೆಚ್ಚುಕಡಿಮೆ ಒಂದೇ. ಟೈಪ್ ಮಾಡುವವರು ಯಾವುದು ಕೈಗೆ ಸಿಕ್ಕಿತೋ ಅದನ್ನು ಒತ್ತುತ್ತಾರೆ. 'ಅಂಕೋಲಾ' ಮತ್ತು 'ಅ೦ಕೋಲಾ' ಇವೆರಡನ್ನು ಕಾಪಿ ಮಾಡಿ ಹೋಲಿಸಿ ನೋಡಿ, ಬೇರೆ ಬೇರೆ. ಯೂನಿಕೋಡ್‌ನ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ರೂಪಗಳನ್ನು ಒಂದು ಮಾಡುವ ಕ್ರಮ) ಇದನ್ನು ಸರಿ ಮಾಡುವುದಿಲ್ಲ, ಅದರ ಲೆಕ್ಕದಲ್ಲಿ ಇವು ಎರಡು ಬೇರೆ ಚಿಹ್ನೆ. ನೀವೇ ನಿಯಮ ಬರೆಯಬೇಕು: ೦ ಹಿಂದೆ ಕನ್ನಡದ ಅಕ್ಷರವೋ ಕಾಗುಣಿತದ ಚಿಹ್ನೆಯೋ ಇದ್ದರೆ ಅದನ್ನು ಂ ಮಾಡಿ. ಉಳಿದಂತೆ ೦ಯಿಂದ ೯ರವರೆಗಿನ ಕನ್ನಡ ಅಂಕಿಗಳನ್ನು 0 ರಿಂದ 9 ಮಾಡಿ.

ಎರಡನೆಯದು ದೀರ್ಘ. 'ಕೋ' ದಲ್ಲಿರುವ ೋ ಚಿಹ್ನೆ ಒಂದೇ ಕೋಡ್ ಆಗಿಯೂ ಇರಬಹುದು, ಮೂರು ಚೂರಾಗಿಯೂ ಇರಬಹುದು: ಎತ್ವ, ಅದರ ಪಕ್ಕದ ಕೊಂಬಿನ ಗುರುತು, ಕೊನೆಗೆ ದೀರ್ಘದ ಗುರುತು. ೀ, ೇ, ೈ, ೊ ಕೂಡ ಹೀಗೇ ಒಡೆಯುತ್ತವೆ. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳಿಂದ ಪರಿವರ್ತಿಸಿ ತಂದ ಪಟ್ಟಿಗಳಲ್ಲಿ ಈ ಚೂರುಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಹಳೆಯ ಫಾಂಟುಗಳಲ್ಲಿ ದೀರ್ಘ ಪ್ರತ್ಯೇಕ ಚಿಹ್ನೆ ಆಗಿತ್ತು. ಇದಕ್ಕೆ ಮಾತ್ರ ಸಿದ್ಧ ಮದ್ದಿದೆ, ಎನ್‌ಎಫ್‌ಸಿ ಎಂಬ ನಾರ್ಮಲೈಸೇಶನ್. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಎಲ್ಲದರಲ್ಲೂ ಇದೆ. ಪೋಸ್ಟ್‌ಗ್ರೆಸ್‌ನಲ್ಲಿ 13ನೇ ಆವೃತ್ತಿಯಿಂದ ಡೇಟಾಬೇಸಿನೊಳಗೇ ಮಾಡಬಹುದು. ಎಸ್‌ಕ್ಯುಲೈಟ್ ಜೊತೆಯಲ್ಲಿ ಅದು ಬರುವುದಿಲ್ಲ. ಅದಕ್ಕೇ ಪ್ರೋಗ್ರಾಮಿನಲ್ಲಿ ಮಾಡಿ ಎನ್ನುವುದು.

ಮೂರನೆಯದು ಕಣ್ಣಿಗೇ ಕಾಣದ್ದು. ಅರ್ಧಾಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲಿ ಎಂದು ಕೀಬೋರ್ಡು ಸೇರಿಸುವ ಶೂನ್ಯ ಅಗಲದ ಚಿಹ್ನೆಗಳು, ಝೀರೋ ವಿಡ್ತ್ ಜಾಯ್ನರ್ ಮತ್ತು ನಾನ್ ಜಾಯ್ನರ್. 'ಭಟ್‌ಕಳ' ಎಂದು ಬಿಡಿಸಿ ಬರೆದವರ ಸಾಲಿನಲ್ಲಿ ಇದಿರುತ್ತದೆ, 'ಭಟ್ಕಳ' ಎಂದವರಲ್ಲಿ ಇರುವುದಿಲ್ಲ. ತೋರಿಸುವ ಹೆಸರಿನಲ್ಲಿ ಇವು ಬೇಕು, ತೆಗೆಯಬೇಡಿ. ಹುಡುಕಲು ಮಾತ್ರ ತೆಗೆದುಬಿಡಿ. ಡಿ'ಸೋಜಾ ನಡುವಿನ ಕೋಟು ಕೂಡ ಹಾಗೇ. ಒಬ್ಬರು ನೆಟ್ಟಗಿನದು ಹಾಕುತ್ತಾರೆ, ಇನ್ನೊಬ್ಬರ ಫೋನು ಬಾಗಿದ್ದನ್ನು ಹಾಕುತ್ತದೆ. ಎರಡನ್ನೂ ಒಂದು ಮಾಡಿ.

ಇಷ್ಟೆಲ್ಲ ಮಾಡುವ ಜಾಗ ಒಂದೇ. ಸದಸ್ಯರ ಟೇಬಲ್ಲಿಗೆ 'ಹುಡುಕು' ಎಂದು ಒಂದು ಕಾಲಂ ಹೆಚ್ಚಿಗೆ ಹಾಕಿ. ಮೂಲ ಹೆಸರು ಜನ ಬರೆದ ಹಾಗೆಯೇ ಇರಲಿ, ರಸೀದಿಯಲ್ಲಿ ಅದೇ ಅಚ್ಚಾಗಲಿ. ಸಾಲು ಉಳಿಸುವಾಗ ಮೇಲಿನ ನಿಯಮಗಳಲ್ಲಿ ಸೋಸಿದ ಪಠ್ಯವನ್ನು ಹುಡುಕು ಕಾಲಮ್ಮಿಗೆ ಬರೆಯಿರಿ. ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದನ್ನೂ ಅದೇ ಫಂಕ್ಷನ್ನಿನಿಂದ ಸೋಸಿ, ಆಮೇಲೆ ಎಸ್ಕೇಪ್ ಮಾಡಿ, ಕೊನೆಗೆ % ಸೇರಿಸಿ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರದ ಗಲಾಟೆಯೂ ಇಲ್ಲೇ ಮುಗಿಯುತ್ತದೆ. ಎಸ್‌ಕ್ಯುಲೈಟ್ ಲೈಕ್ ಇಂಗ್ಲಿಷಿನ 26 ಅಕ್ಷರಕ್ಕೆ ಮಾತ್ರ ದೊಡ್ಡದು ಸಣ್ಣದು ಒಂದೇ ಎನ್ನುತ್ತದೆ. ಮೈಎಸ್‌ಕ್ಯುಎಲ್ ಕಾಲಮ್ಮಿನ ಕೊಲೇಶನ್ (ಅಕ್ಷರ ಹೋಲಿಸುವ ನಿಯಮ) ಹೇಳಿದಂತೆ ಕೇಳುತ್ತದೆ, ಸಾಮಾನ್ಯವಾಗಿ ಭೇದ ಮಾಡುವುದಿಲ್ಲ. ಪೋಸ್ಟ್‌ಗ್ರೆಸ್ ಭೇದ ಮಾಡುತ್ತದೆ. ನೀವು ಈಗಿನ ಕ್ವೆರಿಯನ್ನೇ ಎತ್ತಿಕೊಂಡು ಅಲ್ಲಿಗೆ ಹೋದರೆ ಸಣ್ಣಕ್ಷರದಲ್ಲಿ ಟೈಪ್ ಮಾಡಿದ ಲಾಟ್ ನಂಬರು ಸಿಗದೆ ಹೋಗುತ್ತದೆ. ಈ ಭೇದ ಮಾಡದ ಐಲೈಕ್ ಬಳಸಿ ಎಂದು ಯಾರಾದರೂ ಹೇಳುತ್ತಾರೆ. ಅದು ಪೋಸ್ಟ್‌ಗ್ರೆಸ್‌ನ ಸ್ವಂತದ್ದು, ನಿಮ್ಮ ಬೇರೆ ಎರಡರಲ್ಲಿ ಇಲ್ಲ. ಸೋಸುವಾಗಲೇ ಎಲ್ಲ ಸಣ್ಣಕ್ಷರ ಮಾಡಿಬಿಟ್ಟರೆ ಬರೀ ಲೈಕ್ ಸಾಕು.

ಸೋಸಿದರೂ ಹೋಗದ ವ್ಯತ್ಯಾಸ ನಮ್ಮ ಊರ ಹೆಸರುಗಳದ್ದು. ಶಿರಸಿ, ಸಿರಸಿ, ಸಿರ್ಸಿ. ಕುಮಟಾ, ಕುಮಟೆ. ಜೊಯಿಡಾ, ಜೋಯಿಡಾ. ಇವನ್ನು ಯಾವ ಲೈಕ್ ಕೂಡ ಒಂದು ಮಾಡದು, ಮಾಡಲೂ ಬಾರದು. ಜಿಲ್ಲೆಯಲ್ಲಿ ಇರುವುದೇ 12 ತಾಲೂಕು. ಅವುಗಳಿಗೆ ಒಂದು ಟೇಬಲ್ ಮಾಡಿ, ಪಟ್ಟಿಯಿಂದ ಆರಿಸುವ ಹಾಗೆ ಮಾಡಿ, ಹುಡುಕುವಾಗ = ಬಳಸಿ. ಅಡಿಕೆಯ ಬಗೆಗೂ ಇದೇ ಮಾತು. ನಿಮಗೆ ನಾನು ಹೇಳಬೇಕಿಲ್ಲ, ಬೆಟ್ಟೆ ಎಂದು ಲೈಕ್‌ನಲ್ಲಿ ಹುಡುಕಿದರೆ ತಟ್ಟಿಬೆಟ್ಟೆಯೂ ಬರುತ್ತದೆ, ಗೋಟು ಎಂದರೆ ಕೆಂಪುಗೋಟು ಬಿಳೆಗೋಟು ಎರಡೂ ಬರುತ್ತವೆ. ದರ ಬೇರೆ ಬೇರೆ ಇರುವ ಮಾಲನ್ನು ಹೀಗೆ ಒಟ್ಟು ಮಾಡಿ ವರದಿ ತೆಗೆದರೆ ಬೆಳೆಗಾರರಿಗೆ ಅನ್ಯಾಯವಾಗುತ್ತದೆ. ಹೆಸರು, ಷರಾ ಇಂಥ ಬಿಡಿ ಬರಹಕ್ಕೆ ಮಾತ್ರ ಲೈಕ್ ಇರಲಿ.

ಕೊನೆಗೆ ಭಟ್. ಕನ್ನಡದ ಅಕ್ಷರ ನಮ್ಮ ಕಣ್ಣಿಗೆ ಒಂದು ಗುಂಪು, ಯೂನಿಕೋಡ್‌ಗೆ ಸಾಲಾಗಿ ನಿಂತ ತುಂಡುಗಳು. ಭಟ್ ಅಂದರೆ ಭ, ಟ, ಆಮೇಲೆ ಅರ್ಧಾಕ್ಷರದ ಚಿಹ್ನೆ. ಭಟ್ಕಳ ಅಂದರೆ ಭ, ಟ, ಅದೇ ಚಿಹ್ನೆ, ಕ, ಳ. ಮೊದಲ ಮೂರು ತುಂಡು ಒಂದೇ. ಲೈಕ್ ನೋಡುವುದು ತುಂಡುಗಳನ್ನು, ಹಾಗಾಗಿ ಅದರ ಪ್ರಕಾರ ಭಟ್ಕಳದಲ್ಲಿ ಭಟ್ ಇದ್ದಾರೆ. ಕ ಎಂದು ಹುಡುಕಿದರೆ ಕಾ, ಕಿ, ಕ್ಯ ಎಲ್ಲ ಸಿಗುವುದೂ ಇದರಿಂದಲೇ. _ ಒಂದು ಅಕ್ಷರ ಎಂದೆನಲ್ಲ, ಅದೂ ಒಂದು ತುಂಡು ಮಾತ್ರ. 'ಕಾ' ಹಿಡಿಯಲು ಎರಡು ಬೇಕು.

ಇದನ್ನು ಪೂರ್ತಿ ತಡೆಯಲು ಹೋಗಬೇಡಿ ಎಂಬುದು ನನ್ನ ಸಲಹೆ. ಕೌಂಟರಿನಲ್ಲಿ ಕೂತವರು ಭಟ್ಕಳ ಎಂದು ಟೈಪ್ ಮಾಡುವ ಅರ್ಧ ದಾರಿಯಲ್ಲಿ ಪೆಟ್ಟಿಗೆಯಲ್ಲಿ ಇರುವುದು ಭಟ್ ಎಂದೇ. ಅವರಿಗೆ ಎರಡೂ ಬೇಕು, ಆದರೆ ಸರಿಯಾದ ಕ್ರಮದಲ್ಲಿ ಬೇಕು. ಹುಡುಕು ಕಾಲಮ್ಮಿನಲ್ಲಿ ಪಠ್ಯದ ಮೊದಲಿಗೂ ಕೊನೆಗೂ ಒಂದೊಂದು ಖಾಲಿ ಜಾಗ ಹಾಕಿ ಉಳಿಸಿ, ಚುಕ್ಕಿ ಅಲ್ಪವಿರಾಮಗಳನ್ನೂ ಖಾಲಿ ಜಾಗ ಮಾಡಿ. ಆಗ '% ಭಟ್ %' ಎಂಬ ಮಾದರಿ ಇಡೀ ಪದ ಭಟ್ ಇರುವವರನ್ನು ಮಾತ್ರ ಹಿಡಿಯುತ್ತದೆ. '% ಭಟ್%' ಪದದ ಆರಂಭ ಹಿಡಿಯುತ್ತದೆ, '%ಭಟ್%' ಎಲ್ಲಿದ್ದರೂ ಹಿಡಿಯುತ್ತದೆ. ಆರ್ಡರ್ ಬೈ ಒಳಗೆ ಕೇಸ್ ಬರೆದು ಮೊದಲನೆಯದಕ್ಕೆ 1, ಎರಡನೆಯದಕ್ಕೆ 2, ಉಳಿದದ್ದಕ್ಕೆ 3 ಕೊಡಿ. ಕೇಸ್ ಎಲ್ಲ ಡೇಟಾಬೇಸಿನಲ್ಲೂ ಒಂದೇ ರೀತಿ ಇದೆ. ಭಟ್ಟರು ಮೇಲೆ ಬರುತ್ತಾರೆ, ಭಟ್ಕಳದವರು ಕೆಳಗೆ.

ವೇಗದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಮಾದರಿಯ ಮೊದಲಿಗೆ % ಇದ್ದರೆ ಸಾಮಾನ್ಯ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಉಪಯೋಗಕ್ಕೆ ಬರುವುದಿಲ್ಲ, ಇಡೀ ಟೇಬಲ್ ಓದಬೇಕು. ಕೆಲವು ಸಾವಿರ ಸದಸ್ಯರಿಗೆ ಅದು ಚಿಂತೆಯ ವಿಷಯವಲ್ಲ. ಮುಂದೆ ಸಾಲದು ಅನ್ನಿಸಿ ಎಸ್‌ಕ್ಯುಲೈಟಿನ ಎಫ್‌ಟಿಎಸ್5 ಎಂಬ ಪದ ಹುಡುಕುವ ವ್ಯವಸ್ಥೆಯ ಕಡೆ ಹೋದರೆ ಜೋಪಾನ. ಅದರ ಸಾಮಾನ್ಯ ಪದ ವಿಭಾಗ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಎಂದು ನೋಡುತ್ತದೆ. ನಮ್ಮ ಕಾಗುಣಿತದ ಚಿಹ್ನೆಗಳು ಯೂನಿಕೋಡ್‌ನಲ್ಲಿ ಬೇರೆ ವರ್ಗದವು. ಹಾಗಾಗಿ 'ಹೆಗಡೆ' ಅಲ್ಲಿ 'ಹ' ಮತ್ತು 'ಗಡ' ಎಂದು ತುಂಡಾಗುತ್ತದೆ. ಟೇಬಲ್ ಮಾಡುವಾಗಲೇ ಎಮ್‌ಎನ್ ಮತ್ತು ಎಮ್‌ಸಿ ಎಂಬ ಆ ವರ್ಗಗಳನ್ನೂ ಸೇರಿಸಿ ಎಂದು ಹೇಳಬೇಕು.

ಪೋಸ್ಟ್‌ಗ್ರೆಸ್‌ಗೆ ಹೋಗುವ ಮೊದಲು ಹತ್ತು ಹದಿನೈದು ಸುಳ್ಳು ಸದಸ್ಯರ ಟೇಬಲ್ ಒಂದು ಮಾಡಿಟ್ಟುಕೊಳ್ಳಿ. ನೆಟ್ಟಗಿನ ಕೋಟಿನ ಡಿ'ಸೋಜಾ ಮತ್ತು ಬಾಗಿದ ಕೋಟಿನ ಡಿ’ಸೋಜಾ, ಎರಡು ಸೊನ್ನೆಯ ಎರಡು ಅಂಕೋಲಾ, ಬಿಡಿಸಿದ್ದು ಕೂಡಿಸಿದ್ದು ಎರಡೂ ಭಟ್ಕಳ, ಚೂರಾದ ೋ ಇರುವ ಒಂದು ಕೋ, ಷರಾದಲ್ಲಿ 5%, 50 ಮತ್ತು ಒಂದು !, ಅಂಡರ್‌ಸ್ಕೋರ್ ಇರುವ ಲಾಟ್ ಮತ್ತು ಅದೇ ಜಾಗದಲ್ಲಿ ಅಡ್ಡಗೆರೆ ಇರುವ ಲಾಟ್, ಷರಾ ನಲ್ ಇರುವ ಒಬ್ಬರು. ಪ್ರತಿ ಹುಡುಕಾಟಕ್ಕೂ ಎಷ್ಟು ಸಾಲು ಬರಬೇಕು ಎಂದು ಮೊದಲೇ ಬರೆದಿಟ್ಟು ಮೂರೂ ಡೇಟಾಬೇಸಿನ ಮೇಲೆ ಓಡಿಸಿ. ಸಂಖ್ಯೆ ಎಲ್ಲಿ ತಪ್ಪುತ್ತದೋ ಆ ಸಾಲನ್ನು, ಅದರ ಅಕ್ಷರಗಳ ಕೋಡ್ ಸಹಿತ, ನನಗೆ ಕಳಿಸಿ. ಹೊಸ ಅಡಿಕೆ ಬರುವುದರೊಳಗೆ ಸರಿ ಮಾಡೋಣ.